ತೊಳೆದ ಚಪ್ಪಲಿ, ಒಂದೇ ಪಾಳಿ

“ಅಡಿ ತಿಕ್ರಿ ಸಾವ್ಕಾರ್ರ, ಅಡಿ! ಮ್ಯಾಲ ಮ್ಯಾಲ ನೀರು ಹೊಯ್ಕಂಡ್ರ ತೊಳದಂಗಾತೇನ್ರಿ?”

ಸೂರ್ಯ ಇನ್ನೂ ಗದ್ದೆಯ ಆಚೆಯೇ ಇದ್ದಾನೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಅಂಗಳದಲ್ಲಿ, ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಲುಂಗಿ ಎತ್ತಿ ಕಟ್ಟಿಕೊಂಡು ತಮ್ಮ ಚಪ್ಪಲಿಯನ್ನು ತಾವೇ ತಿಕ್ಕುತ್ತಿರುವವರು ಅಕ್ಕಿ ಗಿರಣಿಯ ಮಾಲೀಕ ಕೊಟ್ರಯ್ಯ. ಅವರ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು, ತಮ್ಮ ಸರದಿಗೆ ಕಾಯುತ್ತ ಆಕಳಿಸುತ್ತಿರುವವರು ಬಾಳೆಗೊನೆ ಹೊರುವ ಮಾರೆಪ್ಪ. ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದು ಕೈ ಸೊಂಟದ ಮೇಲೆ ಇಟ್ಟು ಇಬ್ಬರ ಮೇಲೂ ಮೇಸ್ತ್ರಿಕೆ ಮಾಡುತ್ತಿರುವವರು ಪಕೀರಮ್ಮ.

“ತೊಳದೆನಲ್ಲವ್ವಾ, ಇನ್ನೇನು ಮುಖ ನೋಡ್ಕಬೇಕಾ ಅದರಾಗ?” ಎಂದು ಗೊಣಗುತ್ತಾರೆ ಕೊಟ್ರಯ್ಯ. “ನೋಡ್ಕಂಡ್ರ ಬ್ಯಾಡ ಅನ್ನಲ್ಲ ಬಿಡ್ರಿ” ಎನ್ನುತ್ತಾರೆ ಪಕೀರಮ್ಮ. ಮಾರೆಪ್ಪನ ಆಕಳಿಕೆ ಅರ್ಧಕ್ಕೇ ನಗುವಾಗುತ್ತದೆ. ಕೊಟ್ರಯ್ಯ ತೊಳೆದ ಜೋಡಿಯನ್ನು ಕೊಡವಿ, ಆಸ್ಪತ್ರೆಯ ಬಾಗಿಲಿನಿಂದ ಶುರುವಾದ ಚಪ್ಪಲಿ ಸಾಲಿನ ಕೊನೆಗೆ ಇಟ್ಟು, ಬರಿಗಾಲಲ್ಲಿ ಮನೆಯ ಕಡೆ ಹೊರಡುತ್ತಾರೆ. ಮಾರೆಪ್ಪ ನಲ್ಲಿಯ ಮುಂದೆ ಕೂರುತ್ತಾರೆ.

ಆಸ್ಪತ್ರೆಗೆ ಬಂದವರು ಚಪ್ಪಲಿ ಯಾಕೆ ತೊಳೆಯಬೇಕು ಎಂದು ನೀವು ಕೇಳಬಹುದು. ಕೇಳಲೇಬೇಕು. ಹೊಸಪೇಟೆ, ಕಂಪ್ಲಿ, ಸಂಡೂರು ಎಲ್ಲ ಸುತ್ತಿದರೂ ಇಂಥ ಪದ್ಧತಿ ಇನ್ನೊಂದು ಕಡೆ ಸಿಗಲಿಕ್ಕಿಲ್ಲ. ಇದು ಒಂದು ತಪ್ಪಿನಿಂದ ಹುಟ್ಟಿದ ಪದ್ಧತಿ. ಆ ತಪ್ಪು ಮಾಡಿದವರು ಪಕೀರಮ್ಮ, ಅದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಗುವವರೂ ಅವರೇ.

ಊರು ಬುಕ್ಕಸಾಗರ ದಾಟಿ ಕಂಪ್ಲಿ ಕಡೆ ಹೋಗುವಾಗ ಗದ್ದೆ, ಬಾಳೆ ತೋಟಗಳ ನಡುವೆ ಸಿಗುತ್ತದೆ. ಅದರ ಹೆಸರು ಬರೆಯಕೂಡದು ಎಂಬುದು ಪಕೀರಮ್ಮನವರ ಕಟ್ಟಪ್ಪಣೆ. “ನನ್ನ ಹೆಸರು ಬೇಕಾರ ದಪ್ಪಕ್ಷರದಾಗ ಹಾಕ್ರಿ. ಊರಿಂದು ಬ್ಯಾಡ. ನೀವು ಬರದು ಹೋಗ್ತೀರಿ, ದಿನಾ ಬೆಳಿಗ್ಗಿ ಎಲ್ಲಾರ ಮಾರಿ ನೋಡೋಳು ನಾನು” ಎನ್ನುತ್ತಾರೆ. ಫೋಟೊದ ಮಾತು ಬಂದ ಕೂಡಲೇ ಕಸಬರಿಗೆ ಗೋಡೆಗೆ ಒರಗಿಸಿ, ಸೆರಗಿನ ತುದಿಯಿಂದ ಮುಖ ಒರೆಸಿ, ಬೇಲಿಯ ದಾಸವಾಳ ಒಂದನ್ನು ಕಿತ್ತು ಮುಡಿಗೆ ಸಿಕ್ಕಿಸಿಕೊಳ್ಳುತ್ತಾರೆ. ಎಲೆಮರೆಯ ಕಾಯಿ ಅಂತ ಕರೆದರೆ ಇವರು ಒಪ್ಪುವ ಪೈಕಿ ಅಲ್ಲ, ಎಲೆ ಸರಿಸಿ ತಾವೇ ಇಣುಕುವವರು.

ಪಕೀರಮ್ಮ ಹುಟ್ಟಿದ್ದು ಸಂಡೂರಿನ ಗುಡ್ಡದ ಮಗ್ಗುಲಲ್ಲಿ. ಅಪ್ಪ ಅವ್ವ ಇಬ್ಬರೂ ಮ್ಯಾಂಗನೀಸ್ ಗಣಿಯ ಕೂಲಿಗಳು. ಮದ್ದು ಸಿಡಿಸುವ ಮುಂಚೆ ಕೆಂಪು ಬಾವುಟ ಎತ್ತಿ, ಗುಂಡಿಯಲ್ಲಿ ಇರುವವರೆಲ್ಲ ದೂರ ಸರಿಯಿರಿ ಎಂದು ಕೂಗುವುದು ಅಪ್ಪನ ಕೆಲಸ. ಆ ಗಂಟಲೇ ಮಗಳಿಗೆ ಬಂದಿದೆ. ಗಂಡ ಉಚ್ಚೆಂಗೆಪ್ಪ ಮಾತು ಕಡಿಮೆಯ ಮನುಷ್ಯ. “ನಮ್ಮ ಮನ್ಯಾಗ ಅವರ ಪಾಲಿನ ಮಾತೂ ನಾನ ಆಡಬೇಕು. ಡಬಲ್ ಡ್ಯೂಟಿ” ಎಂದು ನಗುತ್ತಾರೆ ಪಕೀರಮ್ಮ.

ಮದುವೆಯಾಗಿ ಈ ಊರಿನ ಕೇರಿಗೆ ಬಂದ ಮೇಲೆ ನಾಟಿ ಹಚ್ಚಿದರು, ಕಳೆ ಕಿತ್ತರು, ಕಬ್ಬು ಕಡಿದರು. ಆಮೇಲೆ ಗುತ್ತಿಗೆಯ ಮೇಲೆ ಆಸ್ಪತ್ರೆಯ ಕಸ ಗುಡಿಸುವ ಕೆಲಸ ಸಿಕ್ಕಿತು. ನೆಲ ಒರೆಸುವುದು, ಫಿನೈಲ್ ಹಾಕುವುದು, ಬ್ಯಾಂಡೇಜಿನ ಕೊಳೆಯನ್ನು ಬಣ್ಣ ಬಣ್ಣದ ಚೀಲಗಳಿಗೆ ಬೇರೆ ಮಾಡುವುದು, ಸೂಜಿ ಚುಚ್ಚಿಸಿಕೊಳ್ಳುವಾಗ ಅಳುವ ಮಕ್ಕಳಿಗೆ ಮಂಗನ ಮುಖ ಮಾಡಿ ತೋರಿಸುವುದು. ಕೊನೆಯದಕ್ಕೆ ಸಂಬಳ ಇಲ್ಲ. ರೋಗಿಗಳನ್ನು ಒಬ್ಬೊಬ್ಬರಾಗಿ ಒಳಗೆ ಕರೆಯುತ್ತಿದ್ದ ಹಳೆಯ ಅಟೆಂಡರ್ ನಿವೃತ್ತರಾದಾಗ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕಸಬರಿಗೆಯ ಜೊತೆ ಕೂಗುವ ಕೆಲಸವೂ ಪಕೀರಮ್ಮನ ತಲೆಗೆ ಬಂತು. ಗಂಟಲಿತ್ತಲ್ಲ, ಖುಷಿಯಿಂದಲೇ ಒಪ್ಪಿಕೊಂಡರು.

ಇಲ್ಲಿ ಚಪ್ಪಲಿಯ ಕಥೆ ಶುರು. ಡಾಕ್ಟರು ಬರುವುದು ಬೆಳಿಗ್ಗೆಯ ಬಸ್ಸಿಗೆ, ಹೋಗುವುದು ಮಧ್ಯಾಹ್ನದ ಬಸ್ಸಿಗೆ. ಅವರಿಗೆ ಇನ್ನೊಂದು ಊರಿನ ಆಸ್ಪತ್ರೆಯ ಭಾರವೂ ಇದೆ. ಅಷ್ಟರೊಳಗೆ ಎಂಬತ್ತು ತೊಂಬತ್ತು ಜನ ತೋರಿಸಿಕೊಳ್ಳಬೇಕು. ಹೀಗಾಗಿ ಜನ ಕೋಳಿ ಕೂಗುವ ಹೊತ್ತಿಗೇ ಬಂದು ತಮ್ಮ ಚಪ್ಪಲಿಯನ್ನು ಸಾಲಿನಲ್ಲಿ ಬಿಟ್ಟು, ಎಮ್ಮೆ ಕರೆಯಲಿಕ್ಕೋ ರೊಟ್ಟಿ ಬಡಿಯಲಿಕ್ಕೋ ಮನೆಗೆ ಹೋಗುತ್ತಾರೆ. ಚಪ್ಪಲಿ ಇದ್ದ ಕಡೆ ಆ ಮನುಷ್ಯನ ಪಾಳಿ. ಆಸ್ಪತ್ರೆ ತೆರೆದಾಗ ಬಂದು ತಮ್ಮ ಚಪ್ಪಲಿಯ ಹಿಂದೆ ನಿಂತರಾಯಿತು. ಇದಕ್ಕೆ ಚೀಟಿ ಬೇಡ, ಚಪ್ಪಲಿ ಕದಿಯುವವರೂ ಇಲ್ಲ.

ಆದರೆ ಸಾಲು ಎರಡಿದ್ದವು. ಆಸ್ಪತ್ರೆಯ ಸಿಮೆಂಟಿನ ಕಟ್ಟೆಯ ಮೇಲೊಂದು, ಅಂಗಳದ ಬೇವಿನ ಮರದ ಬುಡದಲ್ಲೊಂದು. ಕಟ್ಟೆಯ ಸಾಲು ಮೇಲಿನ ಓಣಿಯವರದು, ಬೇವಿನ ಸಾಲು ಕೇರಿಯವರದು. ಕಟ್ಟೆ ಪೂರ್ತಿ ಮುಗಿದ ಮೇಲೆ ಬೇವು. ಕಟ್ಟೆಯ ಸಾಲಿಗೆ ಒಂಬತ್ತಕ್ಕೆ ಬಂದವರೂ ಸೇರುತ್ತಿದ್ದರು, ಹತ್ತಕ್ಕೆ ಬಂದವರೂ ಸೇರುತ್ತಿದ್ದರು. ಕತ್ತಲೆಯಲ್ಲೇ ಬಂದು ಬೇವಿನ ಬುಡದಲ್ಲಿ ಚಪ್ಪಲಿ ಇಟ್ಟವರ ಪಾಳಿ ಬರುವ ಹೊತ್ತಿಗೆ ಡಾಕ್ಟರು ಚೀಲ ಹೆಗಲಿಗೆ ಹಾಕಿಕೊಂಡಿರುತ್ತಿದ್ದರು. “ನಾಳೆ ಬರ್ರಿ” ಎಂಬ ಮಾತು ಬೇವಿನ ಮರಕ್ಕೂ ಬಾಯಿಪಾಠ ಆಗಿತ್ತು.

ಈ ನಿಯಮ ಮಾಡಿದವರು ಯಾರು? ಯಾರೂ ಇಲ್ಲ. ಎಲ್ಲಿಯೂ ಬರೆದಿಲ್ಲ, ಯಾರೂ ಬಾಯಿಬಿಟ್ಟು ಹೇಳಿಲ್ಲ. ಕೇಳಿದರೆ “ಮೊದ್ಲಿಂದ ಹಂಗ ಐತ್ರಿ” ಎನ್ನುತ್ತಿದ್ದರು. ಕಟ್ಟೆಯವರೂ ಹಾಗೇ ಅನ್ನುತ್ತಿದ್ದರು, ಬೇವಿನವರೂ ಹಾಗೇ ಅನ್ನುತ್ತಿದ್ದರು. “ಅಟೆಂಡರ್ ಹಂಗ ಕರೀತಿದ್ದ, ನಾನೂ ಹಂಗ ಕರದೆ. ನಮ್ಮ ಮಂದೀನ ನಾನ ಕಡೀಕ ಕರೀತಿದ್ದೆ ನೋಡ್ರಿ. ಹೊಟ್ಟ್ಯಾಗ ಉರೀತಿತ್ತು, ಬಾಯಿ ಮಾತ್ರ ಕಟ್ಟೀನ ಕೂಗ್ತಿತ್ತು” ಎನ್ನುವಾಗ ಪಕೀರಮ್ಮನವರ ನಗು ಒಂದು ಗಳಿಗೆ ನಿಲ್ಲುತ್ತದೆ.

ಆ ಉರಿ ಅವರ ಮನೆಗೇ ಬಂದದ್ದು ಹೋದ ವರ್ಷ, ಬೇವಿನ ಎಲೆ ಉದುರುವ ಕಾಲದಲ್ಲಿ. ಮಗ ಗಾದಿಲಿಂಗನ ಹೆಂಡತಿ ಪಲ್ಲವಿಗೆ ಏಳನೇ ತಿಂಗಳು. ಚೊಚ್ಚಲು. ಹುಡುಗಿಗೆ ತಲೆನೋವು, ಕಣ್ಣ ಮುಂದೆ ಮಬ್ಬು. ಮನೆಗೇ ಬಂದು ಬಿ.ಪಿ. ನೋಡಿ ಹೋಗಬೇಕಾಗಿದ್ದ ಸಿಸ್ಟರ್ ತಾವೇ ಹೆರಿಗೆ ರಜೆಯಲ್ಲಿದ್ದರು. ಪಲ್ಲವಿ ದಿನಾ ಬಂದು ಬೇವಿನ ಬುಡದಲ್ಲಿ ಚಪ್ಪಲಿ ಇಡುವುದು, ಮಧ್ಯಾಹ್ನದ ಬಸ್ಸು ಹಾರನ್ ಹೊಡೆಯುವುದು, ಹುಡುಗಿ ಚಪ್ಪಲಿ ಮೆಟ್ಟಿಕೊಂಡು ಮನೆಗೆ ವಾಪಸಾಗುವುದು. ಕರೆಯುವವಳು ಸ್ವಂತ ಅತ್ತೆ! ಮುಂದೆ ಕರೆದರೆ ಸೊಸೆಗೆ ವಶೀಲಿ ಮಾಡಿದಳು ಎಂದು ಕೆಲಸಕ್ಕೇ ಸಂಚಕಾರ, ಕರೆಯದಿದ್ದರೆ ರಾತ್ರಿ ಸೊಸೆಯ ನರಳಾಟ ಕೇಳಬೇಕು. ಆ ವಾರ ಪಕೀರಮ್ಮ ಸರಿಯಾಗಿ ಉಣ್ಣಲಿಲ್ಲ.

ಅಷ್ಟರಲ್ಲಿ ಜಿಲ್ಲೆಯ ಸಾಹೇಬರು ತಪಾಸಣೆಗೆ ಬರುತ್ತಾರೆ ಎಂದು ಸುದ್ದಿ ಬಂತು. ಆಸ್ಪತ್ರೆ ಫಳಫಳ ಅನ್ನಬೇಕು. ಪಕೀರಮ್ಮ ನಸುಕಿಗೇ ಬಂದರು. ಆಗಲೇ ಕಟ್ಟೆಯ ಮೇಲೆ ಚಪ್ಪಲಿಗಳು ಸಾಲುಗಟ್ಟಿದ್ದವು. ಕಟ್ಟೆ ತೊಳೆಯಬೇಕೆಂದರೆ ಅವನ್ನು ಎತ್ತಬೇಕು. ಮೂಲೆಯಲ್ಲಿ ಕಟ್ಟಡದ ಕೆಲಸದವರು ಬಿಟ್ಟುಹೋದ ದೊಡ್ಡ ಪುಟ್ಟಿ ಇತ್ತು. ಎಲ್ಲವನ್ನೂ ಅದರಲ್ಲಿ ತುಂಬಿದರು. ಬೇವಿನ ಬುಡದಲ್ಲಿ ಮೊಳಕಾಲುದ್ದ ಎಲೆ ಬಿದ್ದಿತ್ತು, ಅದನ್ನೂ ಗುಡಿಸಬೇಕು. ಅಲ್ಲಿನ ಚಪ್ಪಲಿಗಳನ್ನೂ ಎತ್ತಿದರು. ಇದ್ದದ್ದು ಒಂದೇ ಪುಟ್ಟಿ.

“ಪುಟ್ಟಿ ನೋಡಿದ್ರ ಸೆಗಣಿ, ಕೆಸರು, ಬಾಳಿ ಅಂಟು, ಗಿರಣಿ ತೌಡು. ಥೂ! ಸಾಹೇಬ್ರು ಬರೋ ದಿನ ಇಂಥ ಗಲೀಜು ಚಪ್ಲಿ ಸಾಲಿಡ್ಲೇನು ಅಂತ ನಲ್ಲಿ ಬಿಟ್ಟೆ. ಸೋಪಿನ ಪುಡಿ ಹಾಕಿ ಕಲಸಿ ಕಲಸಿ ತೊಳದೆ. ತೊಳದಿದ್ದ ತಪ್ಪಾತು ನೋಡ್ರಿ.”

ತಪ್ಪು ಏನೆಂದು ಅವರಿಗೆ ಗೊತ್ತಾದದ್ದು ಚಪ್ಪಲಿಗಳನ್ನು ಮತ್ತೆ ಇಡಲು ಹೋದಾಗ. ಊರಿನ ಮುಕ್ಕಾಲು ಜನ ತೊಡುವುದು ಕಂಪ್ಲಿ ಸಂತೆಯ ಒಂದೇ ಅಂಗಡಿಯ ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಇಷ್ಟು ದಿನ ಅವುಗಳ ಗುರುತು ಸಿಗುತ್ತಿದ್ದದ್ದು ಅಂಟಿದ ಕೊಳೆಯಿಂದ. ಗಿರಣಿಯ ತೌಡು ಇದ್ದದ್ದು ಮೇಲಿನ ಓಣಿಯದು, ಬಾಳೆಯ ಅಂಟು ಇದ್ದದ್ದು ಕೇರಿಯದು. ಕೊಳೆ ಹೋಯಿತು, ಗುರುತೂ ಹೋಯಿತು. ಯಾವುದು ಕಟ್ಟೆಯದು, ಯಾವುದು ಬೇವಿನದು? ಪಕೀರಮ್ಮ ಒಂದೊಂದನ್ನೇ ಎತ್ತಿ ತಿರುಗಿಸಿ ಮುರುಗಿಸಿ ನೋಡಿದರು. ಪಕ್ಕೆಯಲ್ಲಿ ನಗು ಉಕ್ಕಿ ಬಂತು, ಜೊತೆಗೆ ಹೆದರಿಕೆಯೂ. ಸಾಹೇಬರು ಬರುವ ಹೊತ್ತಾಗಿತ್ತು. ಕೈಗೆ ಬಂದ ಹಾಗೆ ಜೋಡಿ ಕೂಡಿಸುತ್ತ, ಎಲ್ಲವನ್ನೂ ಕಟ್ಟೆಯ ಮೇಲೆ ಒಂದೇ ಸಾಲಾಗಿ ಇಟ್ಟುಬಿಟ್ಟರು.

ಒಂಬತ್ತಕ್ಕೆ ಊರು ಬಂತು. ಬಂದು ನಿಂತು ಕಣ್ಣು ಕಣ್ಣು ಬಿಟ್ಟಿತು. ಬೇವಿನ ಬುಡ ಖಾಲಿ, ಕಟ್ಟೆಯ ಮೇಲೆ ಹೊಸ ಮದುವೆಯ ಮನೆಯ ಮುಂದಿದ್ದಂತೆ ತೊಳೆದ ಚಪ್ಪಲಿಗಳ ಸಾಲು. “ಏ ಪಕೀರಿ, ನನ್ನವು ಎಲ್ಲಿ ಹಾಕಿದ್ಯಲೇ?” ಎಂದು ಕೊಟ್ರಯ್ಯ ಗುಡುಗಿದರು. ಪಕೀರಿ, ಲೇ. ಆಗ ಅವರು ಕರೆಯುತ್ತಿದ್ದದ್ದೇ ಹಾಗೆ. “ಅಲ್ಲೇ ಅದಾವ್ರಿ ಸಾವ್ಕಾರ್ರ, ಯಾವು ಅಂತ ನೀವ ಹೇಳ್ರಿ” ಎಂದರು ಪಕೀರಮ್ಮ. ಕೊಟ್ರಯ್ಯ ಒಂದು ಜೋಡಿ ತೋರಿಸಿದರು. ಹಿಂದಿನಿಂದ ಮಾರೆಪ್ಪ ಮೆಲ್ಲಗೆ, “ಅವು ನನ್ನವು ಕಂಡಂಗ ಕಾಣ್ತಾವ್ರಿ” ಅಂದರು. ಎರಡನೇ ಜೋಡಿಗೆ ನಾಲ್ವರು ಒಡೆಯರು ಹುಟ್ಟಿಕೊಂಡರು. ಕಾಲು ಹಾಕಿ ನೋಡಿದರೆ ತಿಳಿಯುತ್ತಿತ್ತು. ಆದರೆ ಹಾಕಿದ ಮೇಲೆ ಅದು ಕೇರಿಯವನದು ಎಂದು ತಿಳಿದರೆ? ಮೇಲಿನ ಓಣಿಯವರು ಕಾಲು ಎತ್ತಿದವರು ಎತ್ತಿದ ಹಾಗೇ ನಿಂತರು.

ಅದೇ ಹೊತ್ತಿಗೆ ಬಸ್ಸಿನಿಂದ ಇಳಿದು ಬಂದವರು ಡಾ. ತ್ರಿವೇಣಿ. ಹೊಸಪೇಟೆಯ ಚಿತ್ತವಾಡ್ಗಿಯ ಹುಡುಗಿ, ಈ ಆಸ್ಪತ್ರೆಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಸಾಹೇಬರ ಜೀಪು ಬರುವುದರೊಳಗೆ ಕೆಲಸ ಶುರುವಾಗಬೇಕೆಂಬ ಅವಸರ ಅವರಿಗೆ. “ಮೊದಲ ಪಾಳಿ ಯಾರದು? ಬರ್ರಿ ಜಲ್ದಿ” ಎಂದರು.

ಸಾಲಿನ ಮೊದಲ ಜೋಡಿಯ ಮೇಲೆ ಎಲ್ಲರ ಕಣ್ಣು ಬಿತ್ತು. ಸಣ್ಣ ಅಳತೆಯ ಹೆಣ್ಣುಮಕ್ಕಳ ಚಪ್ಪಲಿ. ಕಿತ್ತುಹೋದ ಪಟ್ಟಿಗೆ ಕೆಳಗಿನಿಂದ ಪಿನ್ನು ಹಾಕಿತ್ತು. ಆ ಪಿನ್ನು ಹಾಕಿದ್ದು ಪಕೀರಮ್ಮನದೇ ಕೈ. ಅದು ಪಲ್ಲವಿಯ ಚಪ್ಪಲಿ.

“ದೇವರಾಣಿ ಬೇಕಂತ ಇಟ್ಟಿದ್ದಲ್ರಿ. ಕೈಗೆ ಬಂದಂಗ ಇಟ್ಟಿದ್ದೆ. ಆದ್ರ ಯಾರು ನಂಬ್ತಾರ? ನನ್ನ ಸೊಸಿದು ಅಂದ್ರ ಕೆಲಸ ಹೋಕ್ಕೈತಿ. ಸುಮ್ಕಾದ್ರ ಹುಡುಗಿ ಮತ್ತ ಮನಿಗೆ ಹೋಕ್ಕಾಳ. ಅತ್ತಾಗೂ ಇಲ್ಲ ಇತ್ತಾಗೂ ಇಲ್ಲ. ಆಮ್ಯಾಲ ಅಂದ್ಕಂಡೆ, ಕೆಲಸ ಹೋದ್ರ ನಾಟಿ ಹಚ್ಚಿದ್ರಾತು. ಕೂಗಿಬಿಟ್ಟೆ.”

ಗುಡ್ಡಕ್ಕೆ ಕೇಳುವ ಗಂಟಲಲ್ಲಿ ಕೂಗಿದರು: “ಮೊದಲ್ನೇದು ಪಲ್ಲವೀದು! ಬಾರವ್ವಾ ಮುಂದಕ್ಕ!”

ಗುಂಪಿನಲ್ಲಿ ಗುಲ್ಲೆದ್ದಿತು. “ಸೊಸೀನ ಮುಂದಿಟ್ಟಾಳ ನೋಡು!” “ಅದು ಆಕಿದು ಅಂತ ಏನು ಗ್ಯಾರಂಟಿ?” “ಹಾಕಿ ತೋರ್ಸಲಿ, ಕಾಲು ಹಾಕಿ ತೋರ್ಸಲಿ!” ಪಲ್ಲವಿ ಬೇವಿನ ಬುಡದಿಂದ ಎದ್ದು, ತಲೆ ತಗ್ಗಿಸಿ, ಕಟ್ಟೆ ಹತ್ತಿ ಬಂದಳು. ಆ ಕಟ್ಟೆಯನ್ನು ಅವಳು ಹತ್ತಿದ್ದು ಅದೇ ಮೊದಲು. ಚಪ್ಪಲಿಗೆ ಬಲಗಾಲು ತೂರಿಸಿದಳು. ಕಾಲು ಹೋಗಲಿಲ್ಲ. ಎಡಗಾಲು ತೂರಿಸಿದಳು. ಅದೂ ಹೋಗಲಿಲ್ಲ. ನಸುಕಿನಲ್ಲಿ ಬಿಗಿಯಾಗಿಯಾದರೂ ಹಿಡಿಸಿದ್ದ ಚಪ್ಪಲಿ ಈಗ ಬೆರಳಿನ ಬುಡಕ್ಕೇ ನಿಂತುಬಿಟ್ಟಿತು.

“ಆಕಿದಲ್ಲ ತೆಗೀರಿ!” ಎಂದು ಯಾರೋ ನಕ್ಕರು. ಹತ್ತಾರು ಜನ ನಕ್ಕರು. ಪಕೀರಮ್ಮ ಬಾಗಿ ಆ ಪಿನ್ನನ್ನು ಮತ್ತೊಮ್ಮೆ ನೋಡಿದರು. ತಾನೇ ಪಿನ್ನು ಹಾಕಿದ ಚಪ್ಪಲಿ ಸೊಸೆಯ ಕಾಲಿಗೆ ಆಗುತ್ತಿಲ್ಲವಲ್ಲ!

ನಗದೆ ಇದ್ದವರು ಡಾಕ್ಟರೊಬ್ಬರೇ. ಅವರು ಚಪ್ಪಲಿ ನೋಡಲಿಲ್ಲ, ಕಾಲು ನೋಡಿದರು. ಬಾಗಿ ಹೆಬ್ಬೆರಳಿನಿಂದ ಹುಡುಗಿಯ ಪಾದದ ಮೇಲೆ ಒತ್ತಿದರು. ಒತ್ತಿದ ಕಡೆ ಕುಳಿ ಬಿದ್ದು ಹಾಗೇ ಉಳಿಯಿತು. “ಯಾವಾಗಿಂದ ಊದಿಕೊಂಡಿವೆ ಇವು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದರು. ಬಿ.ಪಿ. ಎಷ್ಟಿತ್ತೆಂದರೆ ಇನ್ನು ಒಂದೆರಡು ದಿನ ತಡವಾಗಿದ್ದರೆ ತಾಯಿ, ಮಗು ಇಬ್ಬರಿಗೂ ಅಪಾಯವಿತ್ತು. ಸಾಹೇಬರ ಜೀಪು ಬರುವ ಮೊದಲೇ 108 ಬಂದು ಪಲ್ಲವಿಯನ್ನು ಹೊಸಪೇಟೆಯ ದೊಡ್ಡಾಸ್ಪತ್ರೆಗೆ ಕರೆದೊಯ್ದಿತು.

“ಅವತ್ತಿನವರೆಗೂ ನಾನು ಕರೆದವರನ್ನು ನೋಡ್ತಿದ್ದೆ. ಯಾವ ಕ್ರಮದಲ್ಲಿ ಕರೀತಾರೆ ಅಂತ ಕೇಳಿರಲಿಲ್ಲ. ನನ್ನ ಕುರ್ಚಿಯಿಂದ ಬೇವಿನ ಮರ ಕಾಣಿಸೋದೂ ಇಲ್ಲ” ಎನ್ನುತ್ತಾರೆ ಡಾ. ತ್ರಿವೇಣಿ. ಈಗ ಅವರ ಕುರ್ಚಿ ಕಿಟಕಿಯ ಪಕ್ಕಕ್ಕೆ ಬಂದಿದೆ.

ಸಾಹೇಬರು ಬಂದಾಗ ಕಟ್ಟೆಯ ಮೇಲೆ ಆ ಸಾಲು ಇನ್ನೂ ಇತ್ತು. “ಅರೆ! ತೊಳೆದ ಚಪ್ಪಲಿ, ಒಂದೇ ಪಾಳಿ. ಮಸ್ತ್ ಐತಲ್ರೀ. ಯಾರ ಐಡಿಯಾ ಇದು?” ಎಂದು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡರು. ಮೇಲಿನ ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಆಕ್ಷೇಪ ಎತ್ತಬೇಕಿತ್ತು ನಿಜ. ಆದರೆ ಏನೆಂದು ಎತ್ತುವುದು? ಇಷ್ಟು ವರ್ಷ ಯಾರೂ ಬಾಯಿಬಿಟ್ಟು ಹೇಳದ ನಿಯಮವನ್ನು ಸಾಹೇಬರ ಮುಂದೆ ಬಾಯಿಬಿಟ್ಟು ಹೇಳಬೇಕಿತ್ತು. ಯಾರಿಗೂ ನಾಲಿಗೆ ಏಳಲಿಲ್ಲ. ಪಕೀರಮ್ಮ ಮಾತ್ರ ಎರಡೂ ಕೈ ಮುಗಿದು, “ನಂದ್ರಿ ಸಾಹೇಬ್ರ” ಅಂದುಬಿಟ್ಟರು.

ಅಂದದ್ದನ್ನು ಉಳಿಸಿಕೊಳ್ಳಬೇಕಲ್ಲ! ಮಾರನೆಯ ಬೆಳಿಗ್ಗೆ ಚಪ್ಪಲಿಗಳು ಮತ್ತೆ ಎರಡು ಸಾಲಾಗಿ ಬಂದು ಕೂತಿದ್ದವು. ಪಕೀರಮ್ಮ ಪುಟ್ಟಿ ತಂದು ಎಲ್ಲ ತುಂಬಿ ಮತ್ತೆ ತೊಳೆದರು, ಮತ್ತೆ ಒಂದೇ ಸಾಲು ಮಾಡಿದರು. ಮರುದಿನವೂ ಹಾಗೇ ಮಾಡಿದರು. ಸಾಹೇಬರು ಫೋಟೊ ಹೊಡೆದುಕೊಂಡು ಹೋದ ಕೆಲಸ, ನಿಲ್ಲಿಸು ಅನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಆದರೆ ಪುಟ್ಟಿಯಿಂದ ತೆಗೆದಿಟ್ಟರೆ ಮೊದಲು ಬಂದವರು ಹಿಂದೆ ಬೀಳುತ್ತಾರೆ ಎಂದು ಕೇರಿಯವರೇ ಗೊಣಗಿದರು. ಆ ಮಾತು ನ್ಯಾಯವಾಗಿತ್ತು. ಅಂದಿನಿಂದ ಪಕೀರಮ್ಮ ಎಲ್ಲರಿಗಿಂತ ಮೊದಲೇ ಬಂದು ನಲ್ಲಿಯ ಮುಂದೆ ಕೂರತೊಡಗಿದರು. ಬಂದವರಿಂದ ಬಂದ ಹಾಗೇ ಚಪ್ಪಲಿ ಇಸಿದುಕೊಳ್ಳುವುದು, ತೊಳೆಯುವುದು, ಸಾಲಿಗೆ ಇಡುವುದು.

ಇದನ್ನು ಕೇಳಿ ಕೆಂಡವಾದವನು ಮಗ ಗಾದಿಲಿಂಗ. ಅವನು ಸಂಡೂರಿನ ಕಡೆ ಅದಿರಿನ ಲಾರಿಗಳ ತೂಕ ನೋಡುವ ಕೆಲಸದಲ್ಲಿದ್ದಾನೆ, ನಾಲ್ಕಕ್ಷರ ಓದಿದವನು. “ಯಾಕವ್ವಾ, ಮ್ಯಾಲಿನ ಓಣ್ಯಾರ ಚಪ್ಲಿ ತೊಳ್ಯಾಕ ಹುಟ್ಟೀಯೇನು? ಅಜ್ಜಿ ಕಾಲ ಮುಗೀತು ಅಂದ್ಕಂಡಿದ್ದೆ” ಎಂದು ಹಾರಾಡಿದ. ಪಕೀರಮ್ಮ ಮೊದಲು “ನಾನು ಚಪ್ಲಿ ತೊಳಿಯಾಕತ್ತಿಲ್ಲೋ, ಪಾಳಿ ತೊಳಿಯಾಕತ್ತೀನಿ” ಎಂದು ವಾದಿಸಿದರು. ಆದರೆ ಮಗನ ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತು. ನಾಲ್ಕು ದಿನ ಬಿಟ್ಟು ಕೊಟ್ರಯ್ಯ ಎಂದಿನಂತೆ ಚಪ್ಪಲಿ ಕಳಚಿ ಅವರ ಮುಂದೆ ಒದ್ದು ಸರಿಸಿದಾಗ, ಪಕೀರಮ್ಮ ಮುಟ್ಟಲಿಲ್ಲ.

“ಇವತ್ತಿಂದ ಅವರವರ ಚಪ್ಲಿ ಅವರವರ ತೊಳೀಬೇಕ್ರಿ. ನಲ್ಲಿ ಬಿಡೋದು ನನ್ನ ಕೆಲಸ. ತೊಳೀದಿದ್ದು ಸಾಲಿಗಿಲ್ಲ.”

ಕೊಟ್ರಯ್ಯ ಏನು ಹೇಳುತ್ತಾರೋ ಎಂದು ಎಲ್ಲರೂ ಆ ಕಡೆ ತಿರುಗಿದರು. ಕೊಟ್ರಯ್ಯನಿಗೆ ಆವತ್ತು ಹಲ್ಲುನೋವು. ಕೆನ್ನೆ ಬಾತು, ಸಿಟ್ಟು ಮಾಡಲೂ ಬಾಯಿ ತೆರೆಯಲಾಗದ ಸ್ಥಿತಿ. ಒಂದು ನಿಮಿಷ ದುರುಗುಟ್ಟಿ ನೋಡಿದರು. ಆಮೇಲೆ ಲುಂಗಿ ಎತ್ತಿ ಕಟ್ಟಿ ನಲ್ಲಿಯ ಮುಂದೆ ಕೂತರು.

ಈಗ ಆ ಕಥೆ ಕೇಳಿದರೆ ಕೊಟ್ರಯ್ಯನವರೇ ನಗುತ್ತಾರೆ. ಅವರ ಬಳಿ ಇನ್ನೊಂದು ಕಥೆಯೂ ಇದೆ. ತಪಾಸಣೆಯ ದಿನ ಅವರು ಕೊನೆಗೂ ಒಂದು ಜೋಡಿ ಮೆಟ್ಟಿಕೊಂಡು ಮನೆಗೆ ಹೋದರಂತೆ. ವಾರದ ಮೇಲೆ ಹೆಂಡತಿ ಸುವರ್ಣಮ್ಮ, “ಇವು ನಿಮ್ಮವಲ್ಲ. ನಿಮ್ಮ ಹಿಮ್ಮಡಿ ಯಾವಾಗ್ಲೂ ಎಡಕ್ಕ ಸವೀತೈತಿ, ಇವು ಬಲಕ್ಕ ಸವದಾವ” ಎಂದರಂತೆ. ಬಲಕ್ಕೆ ಸವೆಸುವವರು ಮಾರೆಪ್ಪ, ಗೊನೆ ಹೊರುವುದು ಬಲ ಹೆಗಲಿನಲ್ಲಿ. “ವಾರ ತಿರುಗಾಡಿದ್ದೆ. ಕಚ್ಚಿರಲಿಲ್ಲ, ಕಾಲಿಗೇನೂ ಆಗಿರಲಿಲ್ಲ. ಖರೇ ಹೇಳ್ಬೇಕಂದ್ರ ನನ್ನವಕ್ಕಿಂತ ಮೆತ್ತಗಿದ್ವು” ಎನ್ನುತ್ತಾರೆ ಕೊಟ್ರಯ್ಯ. “ಹಂಗಾರ ನನ್ನವು ಕೊಡ್ರಿ ವಾಪಸು, ನಿಮ್ಮವು ಇನ್ನೂ ನನ್ನ ಕಾಲು ಕಡೀತಾವ” ಎಂದು ಮಾರೆಪ್ಪ ಎಲ್ಲಿದ್ದರೂ ಅಲ್ಲಿಂದಲೇ ಕೂಗುತ್ತಾರೆ. ಪಕೀರಿ ಪಕೀರಮ್ಮ ಆದದ್ದು, ಲೇ ಹೋಗಿ ಅವ್ವಾ ಬಂದದ್ದು ಆ ಹಲ್ಲುನೋವಿನ ಆಚೆಗೇ.

ಹಾಗಂತ ಊರು ಪೂರಾ ಬದಲಾಯಿತು ಎಂದು ಬರೆದರೆ ಪಕೀರಮ್ಮನೇ ನಕ್ಕುಬಿಡುತ್ತಾರೆ. ಒಂದೇ ಪಾಳಿಗೆ ನಿಲ್ಲಲಾರೆವು ಎಂದು ಈಗಲೂ ಕಂಪ್ಲಿಯ ಖಾಸಗಿ ಕ್ಲಿನಿಕ್ಕಿಗೆ ಹೋಗುವ ಮನೆಗಳಿವೆ. ತೊಳೆದ ಚಪ್ಪಲಿಯನ್ನು ಪಕ್ಕದ ಜೋಡಿಗೆ ತಾಗದ ಹಾಗೆ ಗೇಣು ದೂರ ಇಡುವವರಿದ್ದಾರೆ. “ಇಡ್ಲಿ ಬಿಡ್ರಿ. ನಾನು ಕಸ ಹೊಡ್ಯಾಕ ಹೋದಾಗ ಕಸಬರಿಗಿ ತಾಗಿ ತಾವ ಹತ್ತಿರ ಬರ್ತಾವ” ಎನ್ನುತ್ತಾರೆ ಪಕೀರಮ್ಮ, ಕಣ್ಣು ಮಿಟುಕಿಸಿ. ಸಾಲಿಗೆ ಅವರು ಇಟ್ಟುಕೊಂಡ ವಿನಾಯಿತಿ ಒಂದೇ: ರಕ್ತ ಸುರಿಯುತ್ತಿದ್ದರೆ, ಎದೆ ಹಿಡಿದುಕೊಂಡಿದ್ದರೆ, ಬಸುರಿ ಕಾಲು ಬಾತಿದ್ದರೆ ಚಪ್ಪಲಿ ಕೇಳುವುದಿಲ್ಲ, ಸೀದಾ ಒಳಗೆ. ಬಸುರಿಯರ ಕಾಲನ್ನು ಪಕೀರಮ್ಮ ಈಗ ಬಾಗಿಲಲ್ಲೇ ನೋಡುತ್ತಾರೆ, ಒತ್ತಿ ನೋಡುವುದನ್ನು ಡಾಕ್ಟರಮ್ಮನೇ ಕಲಿಸಿಕೊಟ್ಟಿದ್ದಾರೆ.

ಹೊತ್ತು ಏರುತ್ತದೆ. ಮೇಲಿನ ಓಣಿಯ ಕಡೆಯಿಂದ ಬಂದ ಇನ್ನಷ್ಟು ಜನ ಗೇಟಿನಲ್ಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಲ್ಲಿಯತ್ತ ಬರುತ್ತಿದ್ದಾರೆ. ಪಕೀರಮ್ಮ ಕಸಬರಿಗೆಯ ಮೇಲೆ ಗದ್ದ ಊರಿ ಅದನ್ನೇ ನೋಡುತ್ತಾರೆ. “ನಮ್ಮತ್ತಿ ಆ ಓಣ್ಯಾಗ ಹಾಯೋವಾಗ ಚಪ್ಲಿ ತೆಗದು ಕೈಯಾಗ ಹಿಡ್ಕಂಡು ಹೋಗ್ತಿದ್ಲು. ಮೆಟ್ಕಂಡು ಹೋಗೋ ಹಂಗಿರಲಿಲ್ಲ. ಈಗ ನೋಡ್ರಿ, ಇಡೀ ಓಣೀನ ಚಪ್ಲಿ ಕೈಯಾಗ ಹಿಡ್ಕಂಡು ಬರಾಕತ್ತೈತಿ! ಆಕಿ ಇದ್ದಿದ್ರ ಎಷ್ಟು ನಗ್ತಿದ್ಲೋ ಏನೋ” ಎನ್ನುತ್ತಾರೆ. ಹೇಳುತ್ತ ಹೇಳುತ್ತ ಕಣ್ಣು ಒದ್ದೆಯಾಗುತ್ತದೆ, ಬಾಯಿ ಮಾತ್ರ ನಗುತ್ತಲೇ ಇರುತ್ತದೆ.

ಸರ್ಕಾರದಿಂದ ಏನಾದರೂ ಬೇಕೇ ಎಂದು ಕೇಳಿದರೆ ಕೆಲಸ ಕಾಯಂ ಮಾಡಿ ಅನ್ನಬಹುದು ಎಂದುಕೊಂಡರೆ, ಪಕೀರಮ್ಮ ನಲ್ಲಿಯ ಕಡೆ ಕೈ ತೋರಿಸುತ್ತಾರೆ. “ಇನ್ನೊಂದು ನಲ್ಲಿ ಹಾಕಿಸ್ರಿ ಅಂತ ಪೇಪರ್‌ನ್ಯಾಗ ಬರೀರಿ. ಒಂದಕ್ಕ ಭಾಳ ಗದ್ಲ ಆಗ್ತೈತಿ. ಆದ್ರ ಎರಡೂ ಒಂದ ಕಡೆ ಇರ್ಲಿ. ಒಂದು ಕಟ್ಟಿ ಹತ್ರ, ಇನ್ನೊಂದು ಬೇವಿನ ಬುಡದಾಗ ಅಂತ ಮಾತ್ರ ಬ್ಯಾಡ ಮತ್ತ!”

ಅಷ್ಟರಲ್ಲಿ ಗೇಟಿನ ಕಡೆಯಿಂದ ಪೀಂ ಪೀಂ ಎಂದು ಸದ್ದು ಬರುತ್ತದೆ. ಇವತ್ತು ಗುರುವಾರ, ಲಸಿಕೆಯ ದಿನ. ಪಲ್ಲವಿಯ ಬೆರಳು ಹಿಡಿದುಕೊಂಡು, ಹೆಜ್ಜೆಗೊಮ್ಮೆ ಕೂಗುವ ಕೆಂಪು ಚಪ್ಪಲಿ ಮೆಟ್ಟಿ, ತಟ್ಟಾಡುತ್ತ ಬರುತ್ತಿದೆ ಒಂದೂವರೆ ವರ್ಷದ ಗುಂಡು ಗುಂಡಾದ ಕೂಸು. ಅಂದು ಅವ್ವನ ಹೊಟ್ಟೆಯಲ್ಲಿ ಕೂತು ಕಟ್ಟೆ ಹತ್ತಿದವಳು ಇವಳೇ. ಹೆಸರು ಉಚ್ಚೆಂಗಮ್ಮ, ಮುತ್ತಜ್ಜಿಯ ಹೆಸರು. ಚಪ್ಪಲಿ ಕೈಯಲ್ಲಿ ಹಿಡಿದು ಓಣಿ ಹಾಯುತ್ತಿದ್ದ ಆ ಅಜ್ಜಿಯದೇ ಹೆಸರು. ಪಲ್ಲವಿ ಮಗುವಿನ ಚಪ್ಪಲಿ ಬಿಚ್ಚಿ ನಲ್ಲಿಗೆ ಒಡ್ಡುತ್ತಾಳೆ. ನೀರು ಹೊಕ್ಕ ಚಪ್ಪಲಿ ಒಮ್ಮೆ ಪೀಂ ಎಂದು ಸುಮ್ಮನಾಗುತ್ತದೆ. ಕೂಸು ಚಪ್ಪಾಳೆ ತಟ್ಟುತ್ತದೆ.

ಹಲ್ಲುಜ್ಜಿ, ಚಹಾ ಕುಡಿದು ವಾಪಸು ಬಂದ ಕೊಟ್ರಯ್ಯ ಸಾಲಿನಲ್ಲಿ ತಮ್ಮ ಚಪ್ಪಲಿಯ ಹಿಂದೆ ನಿಂತಿದ್ದಾರೆ. ಸಾಲಿನ ಕೊನೆಗೆ ಆ ಪುಟ್ಟ ಕೆಂಪು ಜೋಡಿಯನ್ನು ಇಡಲು ಹೊರಟ ಪಕೀರಮ್ಮನನ್ನು ತಡೆಯುತ್ತಾರೆ. “ಏ ಪಕೀರಮ್ಮ, ಕೂಸಿಂದು ಇಲ್ಲಿ ನನ್ನ ಮುಂದ ಇಡವ್ವಾ. ನಾವೆಲ್ಲ ನಿಂದ್ರತೀವಿ, ಅದೇನು ಮಹಾ!” ಮಾರೆಪ್ಪ ಕೂಡ ಪಕ್ಕಕ್ಕೆ ಸರಿಯುತ್ತಾರೆ. ಹಿಂದಿನವರು ಹೂಂ ಅನ್ನುತ್ತಾರೆ. ಬೇಕೆಂದರೆ ಸಾಲಿನ ಮೊದಲಿಗೇ ಇಡಬಹುದು, ಯಾರೂ ಚಕಾರ ಎತ್ತುವುದಿಲ್ಲ.

ಪಕೀರಮ್ಮ ಮೊಮ್ಮಗಳ ಚಪ್ಪಲಿಯನ್ನು ಸೆರಗಿನಿಂದ ಒರೆಸುತ್ತಾರೆ. ಕೊಟ್ರಯ್ಯನವರಿಗೆ ನಕ್ಕು ತಲೆಯಾಡಿಸಿ, ಸಾಲಿನ ಉದ್ದಕ್ಕೂ ನಡೆದು, ಕೊನೆಯ ಜೋಡಿಯ ಹಿಂದೆ ಅದನ್ನು ನೆಟ್ಟಗೆ ಇಡುತ್ತಾರೆ.

“ಬ್ಯಾಡ್ರಿ ಸಾವ್ಕಾರ್ರ. ಕೂಸಿಗೆ ಜ್ವರ ಇಲ್ಲ, ನೆಗಡಿ ಇಲ್ಲ, ಗುಂಡಕಲ್ಲಿನಂಗ ಐತಿ. ಆಕಿ ಈಗ ಬಂದಾಳ, ಆಕಿ ಪಾಳಿ ಇಲ್ಲೈತಿ. ಇಲ್ಲಿಗೆ ಬಂದಾಗ ಕರೀತೀನಿ.”